ಗಾಡಿಯ ಗೀರು: ಅಳಿಸುವುದೆಷ್ಟು, ಹೇಳುವುದೆಷ್ಟು

ಈ ಲೋಕದಲ್ಲಿ ನಮಗೆ ದೊರೆತ ಪ್ರತಿಯೊಂದು ವಸ್ತುವೂ ಅಲ್ಲಾಹನು ಕೆಲವು ದಿನಗಳ ಮಟ್ಟಿಗೆ ನಮ್ಮ ಕೈಗೆ ಒಪ್ಪಿಸಿದ ಅಮಾನತ್ ಎಂಬ ಮಾತನ್ನು ನಾವೆಲ್ಲರೂ ಜುಮಾ ಪ್ರವಚನಗಳಲ್ಲಿ ಕೇಳುತ್ತಲೇ ಬೆಳೆದವರು. ಆದರೆ ಅಮಾನತ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಯಾರೋ ಇಟ್ಟುಹೋದ ಹಣ, ನಂಬಿ ಹೇಳಿದ ಗುಟ್ಟು, ವಹಿಸಿಕೊಟ್ಟ ಅಧಿಕಾರ. ಮನೆಯ ಮುಂದೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಹಳೆಯ ಮೋಟಾರ್ ಸೈಕಲ್ ಆ ಸಾಲಿನಲ್ಲಿ ನೆನಪಾಗುವುದು ಅಪರೂಪ. ಅದರ ಟ್ಯಾಂಕಿನ ಮೇಲೆ ಬಿದ್ದ ಒಂದು ಗೀರಂತೂ ಧರ್ಮದ ವಿಚಾರವೆಂದು ಯಾರಿಗೂ ಅನ್ನಿಸುವುದಿಲ್ಲ. ಈ ಲೇಖನದಲ್ಲಿ ನಾವು ಆ ಗೀರಿನ ಕುರಿತೇ ಬರೆಯಲು ಹೊರಟಿದ್ದೇವೆ.

ನಮ್ಮ ಹೊಂಬಳದಂತಹ ಊರಿನಲ್ಲಿ ಗಾಡಿ ಶೋಕಿಯ ವಸ್ತುವಲ್ಲ. ಹೊಲಕ್ಕೆ ಬುತ್ತಿ ಒಯ್ಯುವುದು, ಹಿಂದಿನ ಸೀಟಿನಲ್ಲಿ ಬೀಜದ ಚೀಲ ಕಟ್ಟಿಕೊಂಡು ಬರುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ನಡುರಾತ್ರಿ ಜ್ವರ ಬಂದ ಕೂಸನ್ನು ಗದಗ-ಬೆಟಗೇರಿಯ ಆಸ್ಪತ್ರೆಗೆ ಕರೆದೊಯ್ಯುವುದು, ಎಲ್ಲವೂ ಅದರಿಂದಲೇ. ಇಷ್ಟು ದುಡಿಯುವ ವಸ್ತುವಿನ ಮೈಮೇಲೆ ಗಾಯಗಳಾಗದೆ ಇರುವುದಿಲ್ಲ. ಎರೆಹೊಲದ ಕಾಲುದಾರಿಯಲ್ಲಿ ಎರಡೂ ಬದಿಗೆ ಬೆಳೆದ ಬಳ್ಳಾರಿ ಜಾಲಿಯ ಮುಳ್ಳು ಸೈಡ್ ಪ್ಯಾನೆಲನ್ನು ಗೀರುತ್ತದೆ. ಉಳ್ಳಾಗಡ್ಡಿ ಚೀಲದ ಗೋಣಿತಾಟು ಉಜ್ಜಿ ಉಜ್ಜಿ ಬಣ್ಣವನ್ನು ತೆಳುವಾಗಿಸುತ್ತದೆ. ಸಂತೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿದಾಗ ಪಕ್ಕದ ಗಾಡಿಯ ಹ್ಯಾಂಡಲ್ ತಾಗುತ್ತದೆ. ಇವೆಲ್ಲಕ್ಕಿಂತ ಹೆಚ್ಚಿನ ಗೀರುಗಳನ್ನು ಉಂಟುಮಾಡುವುದು ಒಡೆಯನ ಕೈಯ ಒಣ ಬಟ್ಟೆ. ಧೂಳು ಕುಳಿತ ಟ್ಯಾಂಕನ್ನು ನೀರು ಹಾಕದೆ ಒರೆಸಿದರೆ ಆ ಧೂಳಿನೊಳಗಿನ ಮರಳಿನ ಕಣಗಳೇ ಬಣ್ಣವನ್ನು ಕೆರೆಯುತ್ತವೆ.

ಗೀರು ಬಿದ್ದಾಗ ಜನರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುವುದನ್ನು ನಾವು ಕಂಡಿದ್ದೇವೆ. ಕೆಲವರು, ಗಾಡಿ ಓಡಿದರೆ ಸಾಕು, ಮೈ ಹೇಗಿದ್ದರೇನು ಎಂದು ಬಿಟ್ಟುಬಿಡುತ್ತಾರೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಗೀರಿನೊಳಗೆ ತುಕ್ಕು ಬೇರು ಬಿಟ್ಟಿರುತ್ತದೆ. ಇನ್ನು ಕೆಲವರು, ವಿಶೇಷವಾಗಿ ತರುಣರು, ಒಂದು ಗೀರಿಗೆ ಇಡೀ ಗಾಡಿಯ ಬಣ್ಣ ಬದಲಿಸಲು ಹೊರಡುತ್ತಾರೆ. ಅಥವಾ ಹಳೆಯದನ್ನು ಸಿಕ್ಕ ಬೆಲೆಗೆ ಮಾರಿ, ಬಡ್ಡಿಯ ಕಂತಿನ ಮೇಲೆ ಹೊಸದನ್ನು ಮನೆಗೆ ತರುತ್ತಾರೆ. ಪವಿತ್ರ ಕುರ್‌ಆನಿನ ಅಲ್ ಫುರ್ಕಾನ್ ಅಧ್ಯಾಯದಲ್ಲಿ ದಯಾಮಯನ ದಾಸರ ಗುಣಗಳನ್ನು ಎಣಿಸುವಲ್ಲಿ, ಅವರು ಖರ್ಚಿನಲ್ಲಿ ದುಂದೂ ಮಾಡದ, ಜಿಪುಣತನವನ್ನೂ ತೋರದ, ಎರಡರ ನಡುವೆ ನಿಲ್ಲುವವರು ಎಂಬ ಗುಣವೂ ಸೇರಿದೆ. ಗೀರನ್ನು ಅಲಕ್ಷಿಸುವವನು ಒಂದು ತುದಿಯಲ್ಲಿದ್ದಾನೆ, ಗೀರಿಗಾಗಿ ಸಾಲ ಮಾಡುವವನು ಇನ್ನೊಂದು ತುದಿಯಲ್ಲಿದ್ದಾನೆ. ನಡುವಿನ ದಾರಿಯೆಂದರೆ ದುರಸ್ತಿ. ಪ್ರವಾದಿ ಮುಹಮ್ಮದ್(ಸ)ರು ತಮ್ಮ ಹರಿದ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಬಟ್ಟೆಗೆ ತಾವೇ ತೇಪೆ ಹಾಕುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ದುರಸ್ತಿ ಮಾಡಿಕೊಂಡು ಬಾಳುವುದು ಬಡತನದ ಗುರುತಲ್ಲ, ಅದು ಸುನ್ನತ್ತಿನ ದಾರಿ.

ದುರಸ್ತಿ ಎಂದರೇನೆಂಬುದನ್ನು ನಮ್ಮ ಹಿರಿಯರು ಕಲಾಯಿಗಾರನನ್ನು ನೋಡಿ ಬಲ್ಲವರಾಗಿದ್ದರು. ತಾಮ್ರ ಹಿತ್ತಾಳೆಯ ಪಾತ್ರೆಗಳಿದ್ದ ಕಾಲದಲ್ಲಿ ಅವನು ಓಣಿಯ ಮೂಲೆಯಲ್ಲಿ ತಿದಿ ಹೂಡಿ ಕುಳಿತುಕೊಳ್ಳುತ್ತಿದ್ದ. ಮೊದಲು ಪಾತ್ರೆಯ ಕಿಲುಬನ್ನು ಪೂರ್ತಿ ತಿಕ್ಕಿ ತೆಗೆಯುತ್ತಿದ್ದ. ಬಳಿಕ ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಹಾಕಿ, ತವರವನ್ನು ಸವರಿ ಅರಳೆಯಿಂದ ಒಳಮೈಗೆಲ್ಲ ಹರಡುತ್ತಿದ್ದ. ಪಾತ್ರೆ ಬೆಳ್ಳಿಯಂತೆ ಹೊಳೆಯುತ್ತಿತ್ತು, ನಿಜ. ಆದರೆ ಕಲಾಯಿ ಮಾಡಿಸುತ್ತಿದ್ದುದು ಹೊಳಪಿಗಾಗಿ ಅಲ್ಲ. ಹುಳಿ ಪದಾರ್ಥ ತಾಮ್ರಕ್ಕೆ ತಾಗಿ ವಿಷವಾಗದಿರಲಿ ಎಂದು. ಕಿಲುಬಿನ ಮೇಲೆ ಕಲಾಯಿ ಹಿಡಿಯುವುದೂ ಇಲ್ಲ. ಮೋಟಾರ್ ಸೈಕಲ್ಲಿನ ಬಣ್ಣದ ಕಥೆಯೂ ಇದೇ. ಅದು ಲೋಹವನ್ನು ನೀರು ಮತ್ತು ಗಾಳಿಯಿಂದ ಕಾಯುವ ಹೊದಿಕೆ. ಅಂದ ಅದರ ಎರಡನೆಯ ಕೆಲಸ.

ಆ ಹೊದಿಕೆ ಒಂದೇ ಪದರದ್ದಲ್ಲ. ಟ್ಯಾಂಕಿನ ಉಕ್ಕಿನ ತಗಡಿನ ಮೇಲೆ ಮೊದಲು ಪ್ರೈಮರ್, ಅದರ ಮೇಲೆ ಬಣ್ಣ, ಹೆಚ್ಚಿನ ಗಾಡಿಗಳಲ್ಲಿ ಅದರ ಮೇಲೆ ಗಾಜಿನಂತಹ ಪಾರದರ್ಶಕ ಲ್ಯಾಕರ್ ಇರುತ್ತದೆ. ಈ ಮೂರೂ ಸೇರಿದರೆ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಮಾತ್ರ. ಗೀರು ಯಾವ ಪದರದವರೆಗೆ ಇಳಿದಿದೆ ಎಂಬುದರ ಮೇಲೆ ಖರ್ಚು ನಿರ್ಧಾರವಾಗುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಗಾಡಿಯನ್ನು ಸಾಬೂನು ನೀರಿನಿಂದ ತೊಳೆದು, ಒಣಗಿಸಿ, ಬೆರಳಿನ ಉಗುರನ್ನು ಗೀರಿಗೆ ಅಡ್ಡಲಾಗಿ ಮೆಲ್ಲಗೆ ಎಳೆದು ನೋಡಬೇಕು. ಉಗುರು ಸಿಕ್ಕಿಕೊಳ್ಳದಿದ್ದರೆ ಗಾಯ ಮೇಲ್ಪದರದ್ದು. ಉಗುರು ಸಿಕ್ಕಿಕೊಂಡರೆ ಅದು ಬಣ್ಣದೊಳಗೆ ಇಳಿದಿದೆ. ಗೀರಿನ ತಳದಲ್ಲಿ ಬೂದು ಬಣ್ಣ ಕಂಡರೆ ಸಾಮಾನ್ಯವಾಗಿ ಅದು ಪ್ರೈಮರ್. ಹೊಳೆಯುವ ಲೋಹ ಅಥವಾ ಕೆಂಪು ತುಕ್ಕು ಕಂಡರೆ ಇನ್ನು ತಡಮಾಡಬಾರದು.

ಮೇಲ್ಪದರದ ಗೀರಿಗೆ ಒಂದು ಚಿಕ್ಕ ಡಬ್ಬಿ ರಬ್ಬಿಂಗ್ ಕಾಂಪೌಂಡ್ ಮತ್ತು ಮೆತ್ತನೆಯ ಹತ್ತಿಯ ಬಟ್ಟೆ ಸಾಕು. ಹೆಚ್ಚು ಒತ್ತದೆ ಉಜ್ಜಿ, ಒರೆಸಿ, ಕೊನೆಗೆ ವ್ಯಾಕ್ಸ್ ಪಾಲಿಶ್ ಸವರಿದರೆ ಅರ್ಧ ಗಂಟೆಯ ಕೆಲಸ. ಉಜ್ಜುವಾಗ ಬಟ್ಟೆಗೆ ಗಾಡಿಯ ಬಣ್ಣವೇ ಅಂಟಿದರೆ ಅಲ್ಲಿ ಲ್ಯಾಕರ್ ಇಲ್ಲವೆಂದು ತಿಳಿದು ಕೈ ಹಗುರ ಮಾಡಬೇಕು. ಸ್ಟಿಕ್ಕರಿನ ಮೇಲೆ ಬಿದ್ದ ಗೀರಾದರೆ ಬಣ್ಣದ ಗೊಡವೆಯೇ ಬೇಡ. ಮೇಲೆ ಅಂಟಿಸಿದ ಸ್ಟಿಕ್ಕರನ್ನು ಬಿಸಿಗಾಳಿ ತಾಗಿಸಿ ಬಿಡಿಸಿ, ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಹೊಸದನ್ನು ಅಂಟಿಸಿದರಾಯಿತು. ಸೈಡ್ ಪ್ಯಾನೆಲ್ ಪ್ಲಾಸ್ಟಿಕ್ಕಿನದಾಗಿದ್ದರೆ ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಅಲ್ಲಿನ ಗೀರು ಕಣ್ಣಿಗೆ ಮಾತ್ರ ತೊಂದರೆ, ಗಾಡಿಗಲ್ಲ. ಕೈಯಲ್ಲಿ ಹಣವಿಲ್ಲದವರು ಅದನ್ನು ಹಾಗೆಯೇ ಬಿಟ್ಟರೂ ನಷ್ಟವಿಲ್ಲ. ಒಂದು ಎಚ್ಚರಿಕೆಯಿರಲಿ: ಪ್ಲಾಸ್ಟಿಕ್ಕನ್ನು ಥಿನ್ನರಿನಿಂದ ಒರೆಸಬಾರದು, ಅದು ಕರಗಿ ಮಂಕಾಗುತ್ತದೆ.

ಲೋಹ ಕಾಣುವ ಗೀರಿನ ಕೆಲಸ ತಾಳ್ಮೆಯದು. ನಮ್ಮ ಮನೆಯಲ್ಲಿದ್ದುದು ಕಪ್ಪು ಬಣ್ಣದ ಹೀರೋ ಹೋಂಡಾ ಸ್ಪ್ಲೆಂಡರ್; ಆ ಎರಡು ಹೆಸರುಗಳು ಬೇರ್ಪಡುವ ಮುನ್ನ ಬಂದದ್ದು. ಹಾವೊಂದು ಅಡ್ಡ ಬಂದಾಗ ಬ್ರೇಕ್ ಹಿಡಿದು, ಗಾಡಿ ಎಡಕ್ಕೆ ಉರುಳಿ, ಟ್ಯಾಂಕಿನ ಬದಿಗೆ ಅಂಗೈಯುದ್ದದ ಗಾಯವಾಯಿತು. ಪ್ರಾಣ ಉಳಿದುದಕ್ಕೆ ಅಲ್‌ಹಮ್ದುಲಿಲ್ಲಾಹ್ ಎಂದೆವು. ನಮ್ಮಲ್ಲಿದ್ದುದು ಕಾನೂನು ಕಡ್ಡಾಯಗೊಳಿಸಿದ ಥರ್ಡ್ ಪಾರ್ಟಿ ವಿಮೆ ಮಾತ್ರ. ಅದು ನಮ್ಮಿಂದ ಇನ್ನೊಬ್ಬರಿಗಾದ ಹಾನಿಗೆ ಕೊಡುತ್ತದೆ, ನಮ್ಮ ಗಾಡಿಯ ಗೀರಿಗೆ ಕೊಡುವುದಿಲ್ಲ. ಸ್ವಂತ ಹಾನಿಯ ವಿಮೆ ಇರುವವರೂ ಸಣ್ಣ ಗೀರಿಗೆ ಹಣ ಕೇಳುವ ಮುನ್ನ ಲೆಕ್ಕ ಹಾಕಬೇಕು. ಒಂದು ವರ್ಷ ಹಣ ಕೇಳದಿದ್ದರೆ ಮರುವರ್ಷ ಆ ಭಾಗದ ಕಂತಿನಲ್ಲಿ ಶೇಕಡ 20, ವರ್ಷಗಳು ಕಳೆದಂತೆ ಶೇಕಡ 50ರವರೆಗೆ ಸಿಗುವ ರಿಯಾಯಿತಿ ಒಂದೇ ಅರ್ಜಿಯಿಂದ ಕೈತಪ್ಪುತ್ತದೆ.

ಮಕ್ತಬ್‌ನಲ್ಲಿ ನಮ್ಮ ಬಳಿ ಓದಿದ ಒಬ್ಬ ಹುಡುಗ ಈಗ ಗದಗಿನಲ್ಲಿ ಡೆಂಟಿಂಗ್-ಪೇಂಟಿಂಗ್ ಕಲಿಯುತ್ತಿದ್ದಾನೆ. ಅವನ ರಜೆಯ ದಿನ ಅವನನ್ನು ಎದುರಿಗೆ ಕೂರಿಸಿಕೊಂಡು, ಅವನು ಹೇಳಿದಂತೆ ನಾವು ಮಾಡಿದೆವು. ಮೊದಲು ಒರಟು ಪೇಪರಿನಿಂದ ತುಕ್ಕನ್ನು ಲೋಹ ಹೊಳೆಯುವವರೆಗೆ ತೆಗೆಯುವುದು. ಆಮೇಲೆ 400 ನಂಬರಿನ ವಾಟರ್ ಪೇಪರನ್ನು ನೀರಲ್ಲಿ ಅದ್ದಿ, ಹಳೆಯ ಬಣ್ಣದ ಅಂಚು ಬೆರಳಿಗೆ ಮೆಟ್ಟಿಲಿನಂತೆ ತಾಗದ ಹಾಗೆ ಇಳಿಜಾರು ಮಾಡುವುದು. ಒಣಗಿದ ಮೇಲೆ ಪ್ರೈಮರ್. ತಗ್ಗು ಉಳಿದಿದ್ದರೆ ಪುಟ್ಟಿ, ಅದೂ ತೆಳುವಾಗಿ. ದಪ್ಪ ಪುಟ್ಟಿ ಗಾಡಿಯ ಅದುರಿಗೆ ಬಿರುಕು ಬಿಡುತ್ತದೆ. ಮತ್ತೆ 600ರ ಪೇಪರ್. ನಂತರ ಸ್ಪ್ರೇ ಡಬ್ಬಿಯನ್ನು ಒಂದು ಗೇಣಿಗಿಂತ ಹತ್ತಿರ ತರದೆ, ಕೈ ನಿಲ್ಲಿಸದೆ, ತೆಳುವಾದ ಮೂರು ನಾಲ್ಕು ಪದರ, ನಡುವೆ ಹತ್ತು ಹದಿನೈದು ನಿಮಿಷ ಬಿಡುವು. ಕೊನೆಗೆ ಲ್ಯಾಕರ್. ಒಂದು ವಾರ ಮುಟ್ಟದೆ ಬಿಟ್ಟು, 2000 ನಂಬರಿನ ಪೇಪರ್ ಮತ್ತು ಪಾಲಿಶ್. ಕಪ್ಪು ಬಣ್ಣವಾದ್ದರಿಂದ ಹೊಂದಾಣಿಕೆ ಸುಲಭವಾಯಿತು. ಮಿನುಗುವ ಮೆಟಾಲಿಕ್ ಬಣ್ಣವಾದರೆ ಮನೆಯಲ್ಲಿ ಹೊಂದಿಸುವುದು ಕಷ್ಟ.

ಆ ಹುಡುಗ ಹೇಳಿದ ಇನ್ನೆರಡು ಮಾತುಗಳನ್ನು ಓದುಗರು ನೆನಪಿಡಬೇಕು. ನಮ್ಮ ಸೀಮೆಯ ಗಾಳಿ ಬಣ್ಣಕ್ಕೆ ಶತ್ರು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಆ ಗಾಳಿಯೇ ಹಸಿ ಬಣ್ಣದ ಮೇಲೆ ಎರೆಮಣ್ಣಿನ ಧೂಳನ್ನು ತಂದು ಕೂರಿಸುತ್ತದೆ. ಆದ್ದರಿಂದ ಗಾಳಿಯಿಲ್ಲದ ಮುಂಜಾನೆ, ನೆಲಕ್ಕೆ ನೀರು ಚಿಮುಕಿಸಿ, ಗೋಡೆಯ ಮರೆಯಲ್ಲಿ ಕೆಲಸ ಮಾಡಬೇಕು. ಮಳೆಯ ತೇವವಿದ್ದ ದಿನ ಬಣ್ಣ ಹೊಡೆದರೆ ಬಿಳಿ ಮಂಜು ಕವಿದಂತೆ ಮಂಕಾಗುತ್ತದೆ. ಎರಡನೆಯದು, ಮನೆಯ ಸ್ಪ್ರೇ ಡಬ್ಬಿಯ ಸಾಧಾರಣ ಬಣ್ಣ ಮತ್ತು ಲ್ಯಾಕರನ್ನು ಪೆಟ್ರೋಲ್ ಕರಗಿಸುತ್ತದೆ. ಟ್ಯಾಂಕಿನ ಬದಿಗೆ ಅದು ನಡೆದೀತು. ಮುಚ್ಚಳದ ಸುತ್ತ ಪೆಟ್ರೋಲ್ ತುಳುಕುವಲ್ಲಿ ಹಾರ್ಡನರ್ ಬೆರೆಸಿದ ಬಣ್ಣವೇ ಬೇಕು. ಅದನ್ನು ಕಂಪ್ರೆಸರ್ ಇರುವ ಕುಶಲಿಗನಿಗೆ ಬಿಡುವುದು ಲೇಸು. ಏಕೆಂದರೆ ಹಾರ್ಡನರಿನಲ್ಲಿರುವ ಐಸೋಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಹಾನಿಕರ, ಉಬ್ಬಸ ತರಬಲ್ಲದು. ಮುಖಕ್ಕೆ ಸುತ್ತಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ, ಅದಕ್ಕೆಂದೇ ಇರುವ ಮಾಸ್ಕ್ ಬೇಕು. ಈ ಕಸುಬಿನಲ್ಲಿ ನಮ್ಮ ಸಮುದಾಯದ ಎಷ್ಟೋ ಮಕ್ಕಳಿದ್ದಾರೆ. ದೇಹವೂ ಅಮಾನತ್ತೇ ಎಂಬುದನ್ನು ಅವರ ತಂದೆತಾಯಿಗಳೂ ಅಂಗಡಿಯ ಯಜಮಾನರೂ ನೆನೆಯಲಿ. ಹಾಗೆಯೇ, ಖಾಲಿ ಮಾಡಿದ ಟ್ಯಾಂಕಿನಲ್ಲೂ ಪೆಟ್ರೋಲಿನ ಆವಿ ಉಳಿದಿರುತ್ತದೆ. ಅದನ್ನು ಬೆಂಕಿಯ ಬಳಿಗೆ ಒಯ್ಯುವುದು ಪ್ರಾಣಕ್ಕೇ ಅಪಾಯ.

ಎಲ್ಲ ಸೇರಿ ನಮಗೆ ಆದ ಖರ್ಚು ಸಾವಿರ ರೂಪಾಯಿಯ ಆಸುಪಾಸು. ಹತ್ತು ಹೆಜ್ಜೆ ದೂರದಿಂದ ನೋಡಿದವರಿಗೆ ಗಾಯ ಕಾಣುತ್ತಿರಲಿಲ್ಲ. ಹತ್ತಿರ ಬಂದು ಬಿಸಿಲಿಗೆ ಓರೆಯಾಗಿ ನೋಡಿದವರಿಗೆ ಮಾತ್ರ ತಿಳಿಯುತ್ತಿತ್ತು. ದುರಸ್ತಿಯ ವಿಷಯ ಇಲ್ಲಿಗೆ ಮುಗಿದಂತೆ ತೋರಬಹುದು. ಆದರೆ ನಿಜವಾದ ಪ್ರಶ್ನೆ ಹುಟ್ಟುವುದು ಗೀರು ಕಾಣದಂತಾದ ಮೇಲೆಯೇ.

ಅದೇ ವರ್ಷ ನಮ್ಮ ನೆರೆಯ ಒಬ್ಬ ಕೂಲಿ ಸಹೋದರರು ಹಳೆಯ ಗಾಡಿಯೊಂದನ್ನು ಕೊಂಡರು. ಬಡ್ಡಿಯ ಸಾಲ ಬೇಡವೆಂದು ಎರಡು ವರ್ಷ ಕೂಡಿಟ್ಟ ಹಣಕ್ಕೆ ಎರಡು ಆಡು ಮಾರಿದ ಹಣ ಸೇರಿಸಿ, ರೊಕ್ಕ ಎಣಿಸಿ ಕೊಟ್ಟು ತಂದಿದ್ದರು. ಟ್ಯಾಂಕು ಕನ್ನಡಿಯಂತೆ ಹೊಳೆಯುತ್ತಿತ್ತು. ಮೊದಲ ಮಳೆಗಾಲದಲ್ಲೇ ಬಣ್ಣದಡಿ ಗುಳ್ಳೆಗಳೆದ್ದವು. ಒಂದು ಗುಳ್ಳೆ ಒಡೆದಾಗ ಒಳಗಿದ್ದುದು ಬೆರಳುದಪ್ಪ ಪುಟ್ಟಿ, ಅದರ ಕೆಳಗೆ ತಿಂದುಹೋದ ತಗಡು. ಬುಡದ ಬೆಸುಗೆಯಿಂದ ಪೆಟ್ರೋಲ್ ಜಿನುಗತೊಡಗಿತು. ಹೊಸ ಟ್ಯಾಂಕು ಹಾಕಿಸುವವರೆಗೆ ಗಾಡಿ ತಿಂಗಳುಗಟ್ಟಲೆ ಮನೆಯ ಮುಂದೆ ನಿಂತಿತು. ಅವರು ಮತ್ತೆ ಮುಂಜಾನೆಯ ಬಸ್ಸಿಗೆ ಕಾಯತೊಡಗಿದರು. ಬಸ್ಸು ತಪ್ಪಿದ ದಿನ ಅವರಿಗೆ ಕೂಲಿಯೂ ತಪ್ಪುತ್ತಿತ್ತು. ಬಡ್ಡಿಯಿಂದ ದೂರವಿರಲು ಬಯಸುವ ಕುಟುಂಬಗಳಿಗೆ ಹಳೆಯ ಗಾಡಿಯ ವ್ಯಾಪಾರವೇ ಆಸರೆ. ಆ ವ್ಯಾಪಾರದಲ್ಲಿ ನಂಬಿಕೆ ಕೆಟ್ಟರೆ ನಾವು ನಮ್ಮ ಸಹೋದರರನ್ನು ಬಡ್ಡಿಯ ಬಾಗಿಲಿಗೆ ನಮ್ಮ ಕೈಯಾರೆ ದೂಡಿದಂತೆ.

ಈ ಸಂಗತಿಯನ್ನು ಕೇಳಿದ ಆ ಹುಡುಗ ಒಂದು ದಿನ ಇಶಾ ನಮಾಝಿನ ನಂತರ ನಮ್ಮನ್ನು ಕೇಳಿದ: “ಹಜರತ್, ಗೀರು ಮುಚ್ಚಿ ಬಣ್ಣಾ ಹೊಡದ್ರ ಅದೂ ಮೋಸಾ ಆಗತೈತೇನ್ರಿ? ಗಿರಾಕಿ ಹೇಳಿದ್ದು ಮಾಡೂದು ನಮ್ಮ ಕೆಲಸರಿ.”

ಪ್ರಶ್ನೆ ಸಣ್ಣದಲ್ಲ. ಅವನಿಗೆ ನಾವು ಧಾನ್ಯದ ರಾಶಿಯ ಪ್ರಸಂಗವನ್ನು ನೆನಪಿಸಿದೆವು. ಪ್ರವಾದಿ(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗುಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ಆ ನೆನೆದ ಭಾಗವನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಅವರು ಕೇಳಿದರು. ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ವರದಿಯಿದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮಳೆಗೆ ಧಾನ್ಯ ನೆನೆದದ್ದು ವ್ಯಾಪಾರಿಯ ಅಪರಾಧವೆಂದು ಪ್ರವಾದಿ(ಸ)ರು ಹೇಳಲಿಲ್ಲ. ನೆನೆದ ಧಾನ್ಯವನ್ನು ಮಾರಬಾರದೆಂದೂ ಹೇಳಲಿಲ್ಲ. ಆಕ್ಷೇಪವಿದ್ದುದು ಒಣ ಕಾಳನ್ನು ಮೇಲೆ ಹರಡಿ ಒದ್ದೆಯನ್ನು ಅಡಗಿಸಿದ್ದಕ್ಕೆ. ಗೀರು ಬೀಳುವುದು ದೋಷವಲ್ಲ, ಅದಕ್ಕೆ ಬಣ್ಣ ಹೊಡೆಯುವುದು ದೋಷವಲ್ಲ; ತುಕ್ಕನ್ನು ತೆಗೆದು ಬಣ್ಣ ಹೊಡೆದರೆ ಅದು ದುರಸ್ತಿ, ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ಹೊಳೆಯಿಸಿದರೆ ಅದು ಒಣ ಕಾಳಿನ ಪದರ. ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತೆಂದು ಗಿರಾಕಿ ಹೇಳಿದರೆ, ಅದು ಯಾರನ್ನೋ ನಂಬಿಸಲು ಎಂದು ತಿಳಿದೂ ಕೈ ಹಚ್ಚಿದವನಿಗೆ ಅದರಲ್ಲಿ ಪಾಲು ಇಲ್ಲವೆನ್ನಲಾಗದು ಎಂದೆವು. ಹುಡುಗ ತಲೆತಗ್ಗಿಸಿ ಕೇಳಿದ. ಯಜಮಾನರಿಗೆ ಇದನ್ನು ಹೇಗೆ ಹೇಳಲಿ ಎಂಬ ಚಿಂತೆ ಅವನ ಮುಖದಲ್ಲಿತ್ತು. ಆ ಚಿಂತೆಯೂ ಸಣ್ಣದಲ್ಲ. ಕಲಿಯುವ ಹುಡುಗನ ಮೇಲೆ ಹೊರಿಸುವ ಬದಲು ಯಜಮಾನರೇ ಹೊರಬೇಕಾದ ಭಾರವದು.

ಕೊಳ್ಳುವವರಿಗೂ ಕೆಲವು ಹೊಣೆಗಳಿವೆ. ಹಳೆಯ ಗಾಡಿ ನೋಡಲು ಹಗಲಿನಲ್ಲಿ ಹೋಗಿರಿ, ಸಂಜೆಗತ್ತಲಲ್ಲಿ ಅಲ್ಲ. ಚಿಕ್ಕ ಆಯಸ್ಕಾಂತವೊಂದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಉಕ್ಕಿನ ಟ್ಯಾಂಕಿನ ಮೇಲೆ ಅಲ್ಲಲ್ಲಿ ಇಟ್ಟುನೋಡಿರಿ. ತಗಡಿರುವಲ್ಲಿ ಅದು ಹಿಡಿಯುತ್ತದೆ, ಪುಟ್ಟಿ ದಪ್ಪವಿರುವಲ್ಲಿ ಜಾರುತ್ತದೆ. ಮುಚ್ಚಳ ತೆಗೆದು ಟಾರ್ಚಿನಿಂದ ಒಳಗೆ ತುಕ್ಕಿದೆಯೇ ನೋಡಿರಿ. ಬುಡದ ಬೆಸುಗೆಯನ್ನು ಬೆರಳಿಂದ ಸವರಿ ಮೂಸಿರಿ. ಬೋಲ್ಟುಗಳ ಮೇಲೆ, ರಬ್ಬರಿನ ಮೇಲೆ ಬಣ್ಣದ ತುಂತುರು ಬಿದ್ದಿದ್ದರೆ ಮರುಬಣ್ಣವಾಗಿದೆ ಎಂದು ತಿಳಿಯಿರಿ, ಕಾರಣ ಕೇಳಿರಿ. ಆರ್‌ಸಿಯಲ್ಲಿ ಬರೆದ ಬಣ್ಣ ಮತ್ತು ಗಾಡಿಯ ಬಣ್ಣ ಒಂದೇ ಇರಬೇಕು. ಅದೇ ಬಣ್ಣದ ದುರಸ್ತಿಗೆ ಯಾರ ಅನುಮತಿಯೂ ಬೇಡ. ಇಡೀ ಬಣ್ಣ ಬದಲಾದರೆ ಅದು ಆರ್‌ಟಿಓ ಕಚೇರಿಯಲ್ಲಿ ದಾಖಲಾಗಬೇಕು. ಕೊಂಡ ಬಳಿಕ ಫಾರ್ಮ್ 29 ಮತ್ತು 30 ತುಂಬಿ ಹೆಸರು ವರ್ಗಾಯಿಸಿಕೊಳ್ಳುವುದನ್ನು ಮುಂದೂಡಬೇಡಿರಿ.

ಮಕ್ಕಳು ದೊಡ್ಡವರಾಗಿ, ಮೂವರನ್ನು ಕೂರಿಸಿಕೊಂಡು ಹೋಗುವುದು ಕಾನೂನಿಗೂ ಜೀವಕ್ಕೂ ಹೊಂದದೆಂದು ನಾವು ಸ್ಪ್ಲೆಂಡರನ್ನು ಮಾರಲು ನಿಶ್ಚಯಿಸಿದೆವು. ಸೊಪ್ಪಿನ ವ್ಯಾಪಾರ ಮಾಡುವ ಒಬ್ಬ ತರುಣರು ನೋಡಲು ಬಂದರು. ಟ್ಯಾಂಕಿನ ಎಡಬದಿಗೆ ಅವರ ಕೈ ಹಿಡಿದು, ಗಾಡಿ ಇಲ್ಲಿ ಬಿದ್ದಿತ್ತು, ಇಷ್ಟಗಲ ತುಕ್ಕು ತೆಗೆದಿದ್ದೇವೆ, ಬಣ್ಣ ಮನೆಯಲ್ಲೇ ಹೊಡೆದದ್ದು, ಪೆಟ್ರೋಲ್ ಚೆಲ್ಲಿದರೆ ಕಲೆಯಾಗುತ್ತದೆ ಎಂದು ತೋರಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾತಾಗಿದ್ದ ಬೆಲೆಯಲ್ಲಿ ಎರಡು ಸಾವಿರ ಕಡಿಮೆ ಮಾಡಿರೆಂದರು. ಮನೆಯವರು ಒಳಗಿನಿಂದ ನೋಡುತ್ತಿದ್ದರು. ಆ ಎರಡು ಸಾವಿರಕ್ಕೆ ಮನೆಯಲ್ಲಿ ಆಗಲೇ ಲೆಕ್ಕವಿತ್ತು. ಕಡಿಮೆ ಮಾಡಿದೆವು. ಡಬ್ಬಿಯಲ್ಲಿ ಅರ್ಧ ಉಳಿದಿದ್ದ ಕಪ್ಪು ಬಣ್ಣವನ್ನೂ ಎರಡು ಹಾಳೆ ವಾಟರ್ ಪೇಪರನ್ನೂ ಅವರಿಗೇ ಕೊಟ್ಟೆವು. ಕೊಡುವವನೂ ಕೊಳ್ಳುವವನೂ ಸತ್ಯ ನುಡಿದು ಕುಂದನ್ನು ತೆರೆದಿಟ್ಟರೆ ಆ ವ್ಯವಹಾರದಲ್ಲಿ ಬರ್ಕತ್ ಇರುತ್ತದೆ, ಮುಚ್ಚಿಟ್ಟರೆ ಅದು ಅಳಿಸಿಹೋಗುತ್ತದೆ ಎಂದು ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಬರ್ಕತ್ ಎಂದರೆ ಹೋದ ಎರಡು ಸಾವಿರ ಇನ್ನೊಂದು ದಾರಿಯಿಂದ ಬರುವುದೆಂದು ನಾವು ತಿಳಿದಿಲ್ಲ. ಅದೇ ತರುಣರು ಸಂತೆಯಲ್ಲಿ ಎದುರಾದಾಗ ನಾವು ಕಣ್ಣು ತಪ್ಪಿಸಿ ಪಕ್ಕದ ಓಣಿಗೆ ತಿರುಗಬೇಕಾಗಿಲ್ಲ. ನಮ್ಮ ಮಟ್ಟಿಗೆ ಅಷ್ಟೇ ಬರ್ಕತ್ತು.

ಪ್ರಿಯ ಸಹೋದರ ಸಹೋದರಿಯರೇ, ಗೀರು ಬೀಳದ ಗಾಡಿಯಿಲ್ಲ. ಬಿದ್ದ ಗೀರಿನ ಆಳವನ್ನು ಮೊದಲು ತಿಳಿಯೋಣ; ಉಗುರಿಗೆ ಸಿಗದ ಗೀರಿಗೆ ಸಾವಿರಾರು ರೂಪಾಯಿ ಸುರಿಯದಿರೋಣ, ಲೋಹಕ್ಕೆ ಇಳಿದ ಗೀರನ್ನು ನಾಳೆಗೆ ಬಿಡದಿರೋಣ. ಕೈಲಾದದ್ದನ್ನು ಮಕ್ಕಳ ಜೊತೆ ಕುಳಿತು ನಾವೇ ಸರಿಪಡಿಸೋಣ, ಆಗದ್ದಕ್ಕೆ ಕುಶಲಿಗನ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡೋಣ. ಇನ್ನೊಬ್ಬರ ಕೈಗೆ ಒಪ್ಪಿಸುವ ದಿನ, ಬಣ್ಣ ಮುಚ್ಚಿದ್ದನ್ನು ಬಾಯಿ ತೆರೆದು ಹೇಳೋಣ. ನಮ್ಮ ವಸ್ತುಗಳನ್ನು ಹಾಳುಗೆಡವದೆ ಬಾಳಿಸುವ ಬುದ್ಧಿಯನ್ನೂ, ನಮ್ಮ ವ್ಯವಹಾರಗಳಲ್ಲಿ ಸತ್ಯದ ಧೈರ್ಯವನ್ನೂ ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.